ಅಪ್ಪನ ಚಾಕಿಗೆ ಹೊಸ ಹಿಡಿ

ನಮ್ಮ ಮನೆಯಲ್ಲಿ ಹುಣಸೆಹಣ್ಣು ತಿಂಗಳು ತುಂಬುವ ಮೊದಲೇ ಮುಗಿಯುತ್ತಿತ್ತು. ಸಾರಿಗೆ ಹಾಕಿ ಮುಗಿದಿದ್ದರೆ ನಾನು ಯಾಕೆ ಬಾಯಿ ಮಾಡಲಿ? ಇವರು, ಅಂದರೆ ನಮ್ಮ ಮನೆಯವರು, ಡಬ್ಬಿಯಿಂದ ಕದ್ದೊಯ್ದು ತುಕ್ಕು ಹಿಡಿದ ಚಾಕುಗಳಿಗೆ ಮೆತ್ತಿ ಹಿತ್ತಲಲ್ಲಿ ಇಡುತ್ತಿದ್ದರು. ಕಂದೀಲಿನ ಸೀಮೆಎಣ್ಣೆ ಚಾಕುಗಳ ಸ್ನಾನಕ್ಕೆ, ಒಲೆಯ ಬೂದಿ ಅವುಗಳ ಮೈ ತಿಕ್ಕಲಿಕ್ಕೆ, ಅಗಸೆಎಣ್ಣೆ ಅವುಗಳ ಹಿಡಿಗೆ. ನನ್ನ ತಲೆಗೆ ಎಣ್ಣೆ ಉಳಿದಿದೆಯೋ ಇಲ್ಲವೋ ಎಂದು ಯಾರೂ ಕೇಳಿದವರಲ್ಲ.

“ಚಾಕೂಗೋಳಿಗಿ ಇಷ್ಟು ಉಪಚಾರ ಮಾಡ್ತೀರಿ, ಮನ್ಯಾಗ ಹೆಣ್ತಿ ಅಂತ ಒಬ್ಬಾಕಿ ಅದಾಳ, ನೆನಪದ ಏನ್ರಿ?” ಎಂದು ನಾನು ಕೇಳಿದರೆ ಇವರು ತಲೆ ಎತ್ತದೆಯೇ ನಗುತ್ತಿದ್ದರು.

“ನಿನಗ ಉಪಚಾರ ಯಾಕ ಬೇಕು? ನಿನ್ನ ನಾಲಿಗಿ ದಿನಾ ಮಸದೇ ಇರ್ತದ. ತುಕ್ಕ ಎಲ್ಲಿಂದ ಹಿಡೀಬೇಕು?”

ಇವರು ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಅಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಇನ್ನೂ ಬಹಳ ದಿನ ಆಗಿರಲಿಲ್ಲ, ಶಾಲೆಯ ಬೋರ್ಡಿನಲ್ಲಿ ಮೈಸೂರು ಎಂಬುದರ ಮೇಲೆ ಸುಣ್ಣ ಬಳಿದು ಹೊಸದಾಗಿ ಬರೆದಿದ್ದರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲ ಹಿತ್ತಲು. ಹಿತ್ತಲಿನ ನೆಲಕ್ಕೆ ನಮ್ಮೂರಿನದೇ ಫರಸಿ ಕಲ್ಲು. ಶಹಾಬಾದಿನಲ್ಲಿ ಕಲ್ಲಿಗೇನು ಬರ? ಆ ಹಾಸುಗಲ್ಲಿನ ಮೇಲೆಯೇ ಇವರ ಅಂಗಡಿ.

ರವಿವಾರ ಬಂತೆಂದರೆ ಸಾಕು, ಯಾರಾದರೊಬ್ಬರು ಕಿಸೆಯಿಂದ ಒಂದು ಮಡಚುವ ಚಾಕು ತೆಗೆದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಂತೆಯಲ್ಲಿ ಹೊಸದು ಸಿಗದೆ ಬಂದವರಲ್ಲ. ಆ ಕಾಲದ ಗಂಡಸರಿಗೆ ಕಿಸೆಯ ಚಾಕು ಎಂದರೆ ಒಂದು ಸಂಸಾರ. ಬೇವಿನ ಕಡ್ಡಿ ಕತ್ತರಿಸುವುದು ಅದರಿಂದಲೇ, ಉಳ್ಳಾಗಡ್ಡಿ ಹೆಚ್ಚುವುದು ಅದರಿಂದಲೇ, ಎತ್ತಿನ ಹಗ್ಗ ಕೊಯ್ಯುವುದೂ ಅದರಿಂದಲೇ. ಅಲಗು ಸವೆದು ಬೇವಿನೆಲೆಯಷ್ಟು ಆದರೂ ಬಿಡುವವರಲ್ಲ.

ಇವರು ಮೊದಲು ಹಿತ್ತಾಳೆಯ ಮೊಳೆಗಳನ್ನು ಬಡಿದು ಹೊರಗೆ ತೆಗೆಯುತ್ತಿದ್ದರು. ಆಗ ಚಾಕು ಬಿಚ್ಚಿಕೊಳ್ಳುತ್ತಿತ್ತು. ಅಲಗು ಒಂದು ಕಡೆ, ಹಿಡಿಯ ಎರಡು ಹೋಳು ಒಂದು ಕಡೆ, ಅಲಗನ್ನು ಬಿಗಿಯಾಗಿ ಹಿಡಿದಿಡುವ ಬೆನ್ನಿನ ಉಕ್ಕಿನ ಪಟ್ಟಿ ಒಂದು ಕಡೆ. ಆ ಪಟ್ಟಿಗೆ ಇವರು ಕಮಾನು ಎನ್ನುತ್ತಿದ್ದರು. ಎಲ್ಲವನ್ನೂ ತೊಳೆದು, ತಿಕ್ಕಿ, ಮತ್ತೆ ಜೋಡಿಸಿ, ಅಲಗು ತೆರೆದಾಗ ‘ಟಕ್’ ಎಂದು ಒಂದೇ ಸದ್ದು ಬರುವ ತನಕ ಇವರಿಗೆ ಊಟ ಸೇರುತ್ತಿರಲಿಲ್ಲ. ನಾನು ಒಳಗಿನಿಂದ ಕೂಗುತ್ತಿದ್ದೆ, “ಟಕ್ ಅಂತೇನ್ರಿ? ಇಲ್ಲಂದ್ರ ರೊಟ್ಟಿ ಮುಚ್ಚಿಡ್ತೀನಿ!”

ಹೊಸ ಹಿಡಿ ಹಾಕಬೇಕಾದರೆ ಮಾತ್ರ ಇವರದೊಂದು ಪದ್ಧತಿ ಇತ್ತು. ಚಾಕು ಬದಿಗಿಟ್ಟು, “ನಿಮ್ಮ ಕೈ ತೋರಸ್ರಿ” ಎನ್ನುತ್ತಿದ್ದರು. ಬಂದವರ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಬೆರಳು ಗಿಡ್ಡವೋ ಉದ್ದವೋ, ಹೆಬ್ಬೆರಳು ಎಲ್ಲಿ ಊರುತ್ತದೆ, ಯಾವ ಗಂಟು ಬಾತಿದೆ. ಟಪಾಲು ಹಂಚುತ್ತಿದ್ದ ಮುದುಕರೊಬ್ಬರ ಬೆರಳು ಮಡಚುತ್ತಿರಲಿಲ್ಲ. ಅವರ ಚಾಕಿನ ಹಿಡಿಗೆ ಇವರು ಒಂದು ಪಕ್ಕೆಯಲ್ಲಿ ಕಚ್ಚು ಹಾಕಿ, ಅಂಗೈ ಒತ್ತಿದರೇ ಅಲಗು ಮೇಲೇಳುವಂತೆ ಮಾಡಿಕೊಟ್ಟರು. ಆ ಮುದುಕರು ಹಿತ್ತಲಲ್ಲಿ ಕೂತು ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ನಾನು ಚಹಾ ಕೊಟ್ಟು ಎಬ್ಬಿಸಬೇಕಾಯಿತು.

ಹೀಗೆ ಊರ ಮಂದಿಯ ಕೈಯನ್ನೆಲ್ಲ ಹಿಡಿದು ನೋಡಿದ ಈ ಮನುಷ್ಯ ನನ್ನ ತವರಿನಲ್ಲಿ ಹೊಸ್ತಿಲು ದಾಟಿದವರಲ್ಲ.

ನನ್ನ ತವರು ಚಿಂಚೋಳಿ ಕಡೆಯ ಒಂದು ಹಳ್ಳಿ. ಕುರಿ ಸಾಕುವ ಮನೆ. ಇವರದು ಸೇಡಂ ಕಡೆ, ಊರ ಹೊರಗಿನ ಕೇರಿ. ನನ್ನ ತವರಿನ ಜಗುಲಿಯ ಮೇಲೆ ಕುಲದೇವರ ಬೆಳ್ಳಿಯ ಮುಖ, ಇವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ. ನಾವು ಗುಲಬರ್ಗಾಕ್ಕೆ ಹೋಗಿ ರಿಜಿಸ್ಟರ್ ಮದುವೆ ಮಾಡಿಕೊಂಡೆವು. ನನ್ನಪ್ಪ ಆಮೇಲೆ ನನ್ನ ಹೆಸರು ಎತ್ತಲಿಲ್ಲ. ಬದುಕಿರುವ ತನಕ ಅಳಿಯನ ಮುಖ ನೋಡಲಿಲ್ಲ. ಅಪ್ಪ ತೀರಿಕೊಂಡು, ನಮಗೆ ಮಗಳು ಹುಟ್ಟಿದ ಮೇಲೆ ಅವ್ವ ತಮ್ಮನ ಕೈಯಲ್ಲಿ ಹೇಳಿ ಕಳಿಸಿದಳು, ಕೂಸನ್ನು ಕರೆದುಕೊಂಡು ಬಾ ಎಂದು. ಇವರೂ ಬರಬಹುದು ಎಂದಳು. ಬರಬಹುದು, ಆದರೆ ಕಟ್ಟೆಯ ತನಕ.

ಅವ್ವ ಉಪಚಾರಕ್ಕೆ ಏನೂ ಕಡಿಮೆ ಮಾಡುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಹೊಸ ಕಂಬಳಿ ಹಾಸುತ್ತಿದ್ದಳು. ತುಪ್ಪ ನಮಗಿಂತ ಇವರಿಗೇ ಹೆಚ್ಚು. ಆದರೆ ಇವರ ತಟ್ಟೆ, ಇವರ ಲೋಟ ಹೊರಗಿನ ಗೋಡೆಯ ಗೂಡಿನಲ್ಲಿಯೇ ಇರುತ್ತಿದ್ದವು. ಇವರ ಜೊತೆ ನೇರ ಮಾತೂ ಇಲ್ಲ. ಇವರು ಎದುರಿಗೇ ಕೂತಿದ್ದರೂ, “ಅವರಿಗಿ ಇನ್ನೊಂದು ರೊಟ್ಟಿ ಬೇಕೇನು ಕೇಳು” ಎಂದು ನನಗೆ ಹೇಳುತ್ತಿದ್ದಳು. ನಮ್ಮ ಮಗಳು ಒಳಗೂ ಹೊರಗೂ ಓಡಾಡುತ್ತಿದ್ದಳು, ಅವಳ ಮೊಣಕಾಲಿಗೆ ಹೊಸ್ತಿಲು ತಾಗಿದರೆ ಅತ್ತು ಬಿಡುತ್ತಿದ್ದಳು, ಅಷ್ಟೇ.

ನನಗೆ ಪಿತ್ತ ನೆತ್ತಿಗೇರುತ್ತಿತ್ತು. “ಇನ್ನ ಮ್ಯಾಲ ನಾ ಈ ಊರಿಗಿ ಬರಂಗಿಲ್ಲ” ಎಂದು ಪ್ರತಿ ಸಲ ಬಸ್ಸಿನಲ್ಲಿ ಆಣೆ ಮಾಡುತ್ತಿದ್ದೆ. ಇವರು ಸಮಾಧಾನ ಹೇಳುತ್ತಿದ್ದರು, “ಇರ್ಲಿ ಬಿಡು. ಕಟ್ಟಿ ಮ್ಯಾಲ ಗಾಳಿ ಚಲೋ ಬರ್ತದ.” ಒಮ್ಮೆ ಮಾತ್ರ ನಾನು ಒಳಗಿನಿಂದ ನೋಡಿದೆ. ಇವರು ಒಬ್ಬರೇ ಕಟ್ಟೆಯ ಮೇಲೆ ಕೂತು, ಒಳಗಿನ ನಗು ಕೇಳಿಸಿಕೊಂಡು, ಯಾತಕ್ಕೆ ನಗುತ್ತಿದ್ದೇವೆಂದು ತಿಳಿಯದೆ ತಾವೂ ಸ್ವಲ್ಪ ನಗುತ್ತಿದ್ದರು. ಅವತ್ತು ನಾನು ಅಡುಗೆಮನೆಯ ಮೂಲೆಯಲ್ಲಿ ಅತ್ತುಬಿಟ್ಟೆ.

ತಮ್ಮನ ಮದುವೆ ಗೊತ್ತಾದಾಗ ಅವನು ಶಹಾಬಾದಿಗೆ ಬಂದ. ಬಂದವನೇ ಚೀಲದಿಂದ ಒಂದು ಅರಿವೆಯ ಗಂಟು ತೆಗೆದು ನೆಲದ ಮೇಲೆ ಇಟ್ಟ. ಚಾಕು, ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಎಂದು ನಮ್ಮಲ್ಲಿ ನೆಲಕ್ಕಿಟ್ಟೇ ಕೊಡುವುದು. ಗಂಟಿನೊಳಗೆ ಅಪ್ಪನ ಚಾಕು ಇತ್ತು.

ನಮ್ಮ ಕಡೆ ಮದುಮಗನಿಗೆ ಅರಿಷಿಣ ಹಚ್ಚಿದ ಗಳಿಗೆಯಿಂದ ಅಕ್ಷತೆಯ ಅಕ್ಕಿಕಾಳು ಬೀಳುವ ತನಕ ಕೈಯಲ್ಲಿ ಚಾಕು ಇರಬೇಕು, ಅದರ ತುದಿಗೆ ಲಿಂಬಿಹಣ್ಣು ಚುಚ್ಚಿರಬೇಕು. ದೃಷ್ಟಿ ತಾಗಬಾರದು, ಗಾಳಿ ಸೋಕಬಾರದು ಎಂದು. ನಮ್ಮ ಮನೆತನದಲ್ಲಿ ಅದು ಅಪ್ಪನ ಚಾಕೇ ಆಗಬೇಕು. ನನ್ನಪ್ಪನ ಚಾಕಿಗೆ ಟಗರಿನ ಕೊಂಬಿನ ಹಿಡಿ. ತನ್ನದೇ ಮಂದೆಯ ಟಗರು ಸತ್ತಾಗ ಅದರ ಕೊಂಬಿನಿಂದ ಅಪ್ಪ ತಾನೇ ಮಾಡಿಕೊಂಡದ್ದು. ಅಪ್ಪ ಹೋದ ಮೇಲೆ ಅವ್ವ ಅದನ್ನು ಅರಿವೆಯಲ್ಲಿ ಸುತ್ತಿ ಜಂತಿಗೆ ಸಿಗಿಸಿದ್ದಳು. ಅಲ್ಲಿಯೇ ಅದು ತುಕ್ಕು ಹಿಡಿದು, ಅಲಗು ಹಿಡಿಯೊಳಗೆ ಕೂತುಬಿಟ್ಟಿತ್ತು.

“ಮಾಮಾ, ಇದು ತೆರೀವಲ್ದು. ನೀವೇ ಏನರ ಮಾಡ್ರಿ,” ಎಂದ ತಮ್ಮ.

“ಅವ್ವಗ ಹೇಳಿ ತಂದಿಯೋ, ಹಂಗೇ ತಂದಿಯೋ?” ಎಂದೆ ನಾನು.

“ಹೇಳೀನಕ್ಕ. ಹೂಂ ಅಂದಾಳ.”

“ಹೂಂ ಅಂದಾಳೋ, ಸುಮ್ಮಕ ಇದ್ದಾಳೋ?”

“ಎರಡೂ ಒಂದೇ ಅಲ್ಲೇನು?” ಎಂದು ಅವನು ತಲೆ ಕೆರೆದುಕೊಂಡ.

ಇವರಿಗೆ ಇದ್ಯಾವುದೂ ಕೇಳಿಸಲಿಲ್ಲ. ಚಾಕನ್ನು ನೋಡುತ್ತ ಕೂತಿದ್ದರು. ತಮ್ಮ ಹೋದ ಮೇಲೆ ನನ್ನ ಕಡೆ ತಿರುಗಿ ಹೇಳಿದರು, “ನಾ ಮಾಡಿದ ಚಾಕು ಹಿಡ್ಕೊಂಡು ಅವ ಮದಿಮಗ ಆಗ್ತಾನ. ಅದು ದೇವರ ಮುಂದ ಹೋಗ್ತದ, ಒಲಿ ಮುಂದ ಹೋಗ್ತದ. ಚಾಕು ಒಳಗ ಹೋದ್ರ ನಾನೂ ಒಂದೀಟು ಹೋದಂಗೇ ಅಲ್ಲೇನು?” ನಗುತ್ತಲೇ ಅಂದರು. ಆದರೆ ಆ ಮಾತು ನಗುವಿನದಾಗಿರಲಿಲ್ಲ. ನಾನು ಎದ್ದು ಹೋಗಿ ಹುಣಸೆಹಣ್ಣಿನ ಡಬ್ಬಿಯನ್ನೇ ತಂದು ಮುಂದಿಟ್ಟೆ.

ಆ ಚಾಕಿಗೆ ಮಾಡಿದ ಸೇವೆಯನ್ನು ಇವರು ಇನ್ಯಾವ ಚಾಕಿಗೂ ಮಾಡಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿದರು, ಹುಣಸೆ ಮೆತ್ತಿದರು, ಇಟ್ಟಂಗಿ ಪುಡಿಯಿಂದ ತಿಕ್ಕಿದರು. ಅಲಗು ಕಡೆಗೂ ಬಿಟ್ಟುಕೊಂಡಿತು. ಆದರೆ ಕೊಂಬಿನ ಹಿಡಿ ಕೈಗೆ ಹತ್ತಲಿಲ್ಲ. ಜಂತಿಯ ಮೇಲೆ ಅದಕ್ಕೆ ಹುಳ ಬಿದ್ದು ಒಳಗೆಲ್ಲ ತಿಂದುಹಾಕಿದ್ದವು. ಮೊಳೆ ತೆಗೆಯುತ್ತಲೇ ಎರಡೂ ಹೋಳು ಪುಡಿಯಾಗಿ ಫರಸಿಯ ಮೇಲೆ ಬಿದ್ದವು. ಆ ಪುಡಿಯನ್ನು ಕಸದ ಜೊತೆ ಗುಡಿಸಿದವಳು ನಾನೇ.

ಇವರು ಕರಿಜಾಲಿಯ ಕಟ್ಟಿಗೆ ಹುಡುಕಿ ತಂದು ಹೊಸ ಹಿಡಿ ಕೆತ್ತಿದರು. ತಮ್ಮ ಇನ್ನೊಮ್ಮೆ ಬಂದಾಗ ಎಂದಿನಂತೆ ಅವನ ಕೈ ಹಿಡಿದು ನೋಡಿ, ಅವನ ಅಂಗೈಗೆ ಸರಿಯಾಗಿ ದುಂಡಗೆ ಮಾಡಿದರು. ಎರಡೂ ತುದಿಗೆ ಹಿತ್ತಾಳೆ ಕಟ್ಟು. ಒಂದು ಪಕ್ಕೆಯಲ್ಲಿ ಹಿತ್ತಾಳೆ ತಂತಿ ಕೂರಿಸಿ ಒಂದು ಸಣ್ಣ ಟಗರಿನ ಮುಖ. ಅಗಸೆಎಣ್ಣೆ ಕುಡಿಸಿ ಕುಡಿಸಿ ಆ ಕಟ್ಟಿಗೆ ಮಿರಮಿರ ಮಿಂಚಿತು. ಕ್ವಾರ್ಟರ್ಸಿನ ಮಂದಿಯೆಲ್ಲ ಬಂದು ನೋಡಿಹೋದರು. ನಾನೂ ಮೆಚ್ಚಿದೆ, ಸುಳ್ಳು ಯಾಕೆ ಹೇಳಲಿ.

ಮದುವೆಗೆ ರೈಲಿನಲ್ಲಿ ಹೊರಟೆವು. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಸೇಡಂನಲ್ಲಿ ಇಳಿದು ಚಿಂಚೋಳಿಯ ಬಸ್ಸು. ಇವರು ದಾರಿಯುದ್ದಕ್ಕೂ ಕಿಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. “ಓಡಿ ಹೋಗಂಗಿಲ್ಲ ಅದು, ಕೂಸಲ್ಲ,” ಎಂದು ನಾನು ಬೈದೆ. ಚಿಂಚೋಳಿಯ ಬಗಲಿನ ಚಂದಾಪುರದಲ್ಲಿ ಇಳಿದು ಬಳೆ ಕೊಳ್ಳುವಾಗಲೂ ಒಂದು ಕೈ ಕಿಸೆಯ ಮೇಲೆಯೇ.

ಮರುದಿನ ಮುಂಜಾನೆ ಅರಿಷಿಣ. ಹಂದರದ ಕೆಳಗೆ ಹೆಣ್ಣುಮಕ್ಕಳು ಒಳ್ಳಿನಲ್ಲಿ ಒನಕೆಯಿಂದ ಅರಿಷಿಣ ಕುಟ್ಟುತ್ತ ಹಾಡುತ್ತಿದ್ದರು. ತಮ್ಮ ಮಣೆಯ ಮೇಲೆ ಕೂತಿದ್ದ. ಇವರು ಎಂದಿನಂತೆ ಕಟ್ಟೆಯ ಮೇಲೆ. ಕಿಸೆಯಿಂದ ಚಾಕು ತೆಗೆದು ಕಟ್ಟೆಯ ಅಂಚಿಗೆ ಇಟ್ಟು ಸ್ವಲ್ಪ ಹಿಂದೆ ಸರಿದರು. ಊರ ಗಂಡಸರು ಬಾಗಿ ನೋಡಿ, “ಅಬ್ಬಬ್ಬಾ, ಏನು ಕೆಲಸ ಮಾರಾಯಾ!” ಎಂದರು. ಟಗರಿನ ಮುಖಕ್ಕೆ ಬೆರಳು ಹಚ್ಚಿ ನಕ್ಕರು. ಅವ್ವ ಬಂದು ಚಾಕು ಎತ್ತಿಕೊಂಡಳು.

ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಏನನ್ನಾದರೂ ಬೆರಳಿನಿಂದಲೇ ನೋಡುವಳು. ಅವಳ ಹೆಬ್ಬೆರಳು ಆ ಹಿಡಿಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ತಿರುಗಿಸಿ ಇನ್ನೊಂದು ಪಕ್ಕೆ ನೋಡಿದಳು.

“ಯಾರ್ದಿದು?”

“ಅಪ್ಪಂದವ್ವಾ. ಮಾಮಾ ಛಂದ ಮಾಡ್ಯಾರ ನೋಡು,” ಎಂದ ತಮ್ಮ.

“ಅಲ್ಲ. ಇದು ಅವರದಲ್ಲ. ಇಲ್ಲಿ ಅವರ ಹೆಬ್ಬಟ್ಟು ಕುಂದ್ರತಿತ್ತು. ಇಲ್ಲಿ. ತೆಗ್ಗ ಬಿದ್ದಿತ್ತು. ನಾ ದಿನಾ ಅರಿವಿ ಬಿಚ್ಚಿ ಮುಟ್ಟಿ ನೋಡ್ತಿದ್ನಿ. ಎಲ್ಲಿ ಹೋಯ್ತದು?”

ಒಳ್ಳಿನ ಹಾಡು ನಿಂತಿತು. ಯಾರೋ ಹಿಂದಿನಿಂದ, “ಗಣಪ್ಪನ ಮಾಡು ಅಂದ್ರ ಅವರಪ್ಪನ್ನ ಮಾಡ್ಯಾರ,” ಎಂದು ಕಿಸಕ್ಕೆಂದರು. ನನಗೆ ಅವರ ಕಡೆ ತಿರುಗಿ ನಾಲ್ಕು ಮಾತು ಅನ್ನಬೇಕೆನಿಸಿತು, ಆದರೆ ಇವರ ಮುಖ ನೋಡಿ ತಡೆದುಕೊಂಡೆ. ಇವರು ಕಟ್ಟೆಯಿಂದ ಇಳಿದು ಕೈ ಕಟ್ಟಿ ನಿಂತಿದ್ದರು.

“ಕೊಂಬಿಗಿ ಹುಳ ಹತ್ತಿದ್ವುರಿ. ಪುಡಿ ಆಗಿಬಿಡ್ತು. ಅದಕ್ಕ ಹೊಸಾದು ಮಾಡೀನ್ರಿ,” ಎಂದರು.

ಅವ್ವ ದನಿ ಬಂದ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅವಳು ಇವರತ್ತ ಮುಖ ಮಾಡಿ ಮಾತಾಡಿದ್ದು ಅದೇ ಮೊದಲು, ಮತ್ತು ಆಡಿದ್ದು ಬೈಗುಳವೇ.

“ಕೇಳಬೇಕಿಲ್ಲೇನೋ? ಬಾಯಿಲ್ಲೇನು ನಿನಗ? ಇಷ್ಟು ವರ್ಷ ಬಂದು ಉಂಡು ಹೋದಿ, ಒಂದು ಮಾತು ಕೇಳ್ಲಿಕ್ಕ ಏನಾಗಿತ್ತು ಧಾಡಿ? ಮಿಂಚಸ್ಯಾನಂತ, ಟಗರ ಕೆತ್ತ್ಯಾನಂತ! ಯಾರ ಕೈ ನೋಡಿ ಮಾಡಿದಿ ಇದು?”

“ಮದಿಮಗಂದ್ರಿ. ಅವನೇ ಹಿಡಿಯಂವ ಅಂತ…”

“ಅವರ ಕೈಗಿ ಮಾಡೋದು ಬಿಟ್ಟು?”

“ಅವರ ಕೈ ನಾ ನೋಡೇ ಇಲ್ಲಲ್ರಿ ಅತ್ತಿ.”

ನೋಡಗೊಡಲಿಲ್ಲ ಎಂದು ಇವರು ಅನ್ನಲಿಲ್ಲ. ನೋಡಿಲ್ಲ ಎಂದರು, ಅಷ್ಟೇ. ಅದರಲ್ಲಿ ದೂರು ಇರಲಿಲ್ಲ, ಕೆಲಸಗಾರ ತನ್ನ ಅಡಚಣೆ ಹೇಳುವ ದನಿ ಇತ್ತು. ಅವ್ವ ಚಾಕು ಹಿಡಿದುಕೊಂಡೇ ಮುಂದೆ ಬಂದು, ತಡವರಿಸಿ ಇವರ ಮಣಿಕಟ್ಟು ಹಿಡಿದಳು.

“ಬಾ. ತೋರಸ್ತೀನಿ ಬಾ.”

ಅಳಿಯನನ್ನು ಎಳೆದುಕೊಂಡೇ ಹೊರಟಳು. ಹೊಸ್ತಿಲ ಮುಂದೆ ಇವರ ಕಾಲು ನಿಂತುಬಿಟ್ಟಿತು. ಇವರು ನನ್ನ ಕಡೆ ನೋಡಿದರು. ಅವ್ವ ಒಳಗಿನಿಂದ ಜಗ್ಗಿದಳು, “ಅಲ್ಯಾಕ ನಿಂತಿ? ನನಗ ಕಣ್ಣ ಕಾಣಂಗಿಲ್ಲ, ನಿನಗೂ ಕಾಣಂಗಿಲ್ಲೇನು?” ಇವರು ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು. ಪಡಸಾಲೆ ದಾಟಿ, ದೇವರ ಜಗುಲಿಯ ಮುಂದಿನಿಂದ, ಸೀದಾ ಒಲೆಯ ಮುಂದಕ್ಕೆ. ನಾನು ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆಯೇ ಓಡಿದೆ.

ಒಲೆಯ ಹಿಂದಿನ ಗೋಡೆಗೆ ಅಪ್ಪನ ಕುಡಗೋಲು ಇತ್ತು, ಕುರಿಗಳಿಗೆ ಸೊಪ್ಪು ಕಡಿಯುತ್ತಿದ್ದುದು. ಅವ್ವ ಅದನ್ನು ತಡಕಿ ತೆಗೆದು ನೆಲದ ಮೇಲಿಟ್ಟಳು. “ಇಕಾ. ಇದು ನೋಡು. ಇದೇ ಅವರ ಕೈ.”

ಅದನ್ನು ಹೊರಗೆ ತಂದು ತೋರಿಸಬಹುದಿತ್ತು. ನನಗೆ ಹೇಳಿದ್ದರೆ ನಾನೇ ತಂದುಕೊಡುತ್ತಿದ್ದೆ, ಅಲ್ಲೇ ಬಗಲಲ್ಲಿ ಇದ್ದೆ. ಅವ್ವನಿಗೆ ಅದು ಹೊಳೆಯಲೇ ಇಲ್ಲ. ಸಿಟ್ಟು ಅವಳನ್ನು ಅಷ್ಟು ದೂರ ತಂದಿತ್ತು, ಇಲ್ಲವೇ ಬೇರೆ ಏನೋ. ನಾನು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಇವರು ಒಲೆಯ ಮುಂದೆ ನೆಲಕ್ಕೆ ಕೂತು ಕುಡಗೋಲು ಎತ್ತಿಕೊಂಡರು. ಅದರ ಕಟ್ಟಿಗೆ ಹಿಡಿ ಅಪ್ಪನ ಅಂಗೈ ತಿಕ್ಕಿ ತಿಕ್ಕಿ ಸವೆದಿತ್ತು, ಒಂದೊಂದು ಬೆರಳೂ ತನ್ನ ಜಾಗ ಮಾಡಿಕೊಂಡಿತ್ತು. ಇವರು ತಮ್ಮ ಬೆರಳುಗಳನ್ನು ಆ ಜಾಗಗಳಲ್ಲಿ ಒಂದೊಂದಾಗಿ ಇಟ್ಟರು. ಬದುಕಿದ್ದಾಗ ಕೊಡದ ಕೈಯನ್ನು ಅಪ್ಪ ಈಗ ಕೊಟ್ಟಂತಾಯಿತು. ಇವರು ಬಹಳ ಹೊತ್ತು ಬಿಡಲಿಲ್ಲ. ಕಡೆಗೆ, ನಮ್ಮ ಹಿತ್ತಲಲ್ಲಿ ಬಂದವರ ಕೈ ನೋಡಿ ಕೇಳುವ ದನಿಯಲ್ಲೇ ಕೇಳಿದರು.

“ಅತ್ತಿ, ಚಾಕು ಹಿಡಿದಾಗ ಹೆಬ್ಬಟ್ಟು ಅಡ್ಡ ಇಡ್ತಿದ್ರೋ, ಉದ್ದಕ ಇಡ್ತಿದ್ರೋ?”

“ಹಣ್ಣ ಕೊಯ್ಯುವಾಗ ಅಡ್ಡ,” ಎಂದು ಅವ್ವ ಇವರ ಎದುರಿಗೆ ಕೂತಳು. “ನನ್ನ ಕಾಲಾಗಿನ ಮುಳ್ಳ ತೆಗಿಯುವಾಗ ಉದ್ದಕ.”

ಇವರು ಒಂದು ಗಾಜಿನ ಚೂರು ಕೇಳಿದರು. ನಾನು ಒಡೆದ ಕಂದೀಲಿನ ಗಾಜು ತಂದು ನೆಲಕ್ಕಿಟ್ಟೆ. ಅದರ ಅಂಚಿನಿಂದ ಇವರು ಆ ಮಿಂಚುವ ಕರಿಜಾಲಿಯನ್ನು ಹೆರೆಯತೊಡಗಿದರು. ಆಗ ತಾನೇ ಸಾರಿಸಿದ ನೆಲದ ಮೇಲೆ ಸಣ್ಣ ಹೊಟ್ಟು ಉದುರಿತು. ಸ್ವಲ್ಪ ಹೆರೆಯುವುದು, ಅವ್ವನ ಮುಂದಿಡುವುದು. ಅವ್ವ ಹೆಬ್ಬೆರಳು ಇಟ್ಟು ನೋಡಿ, “ಇನ್ನೂ” ಎನ್ನುವುದು. “ಈ ಕಡಿ ಬ್ಯಾಡ, ಆ ಕಡಿ. ಹಗುರಕ್ಕೋ! ತೂತ ಹೊಡಿತಿ ಏನು? ನಿಮ್ಮ ಕಾರ್ಖಾನ್ಯಾಗ ಇದೇ ಕಲಿಸ್ಯಾರೇನು?” ನನಗೆ ಬೈಯುವಂತೆ, ತಮ್ಮನಿಗೆ ಬೈಯುವಂತೆ ಇವರಿಗೆ ಬೈಯುತ್ತಿದ್ದಳು. ಇಷ್ಟು ವರ್ಷ ತುಪ್ಪ ಬಡಿಸಿದ್ದಳು, ಒಂದು ಸಲವೂ ಬೈದಿರಲಿಲ್ಲ. ಬೀಗರಿಗೆ, ಬಂದುಹೋಗುವವರಿಗೆ ಯಾರೂ ಬೈಯುವುದಿಲ್ಲ ನೋಡಿ. ಇವರು ತಲೆ ಬಗ್ಗಿಸಿಕೊಂಡೇ “ಹೂಂ ಅತ್ತಿ, ಹೂಂ ಅತ್ತಿ” ಎನ್ನುತ್ತಿದ್ದರು. ಮೂಗಿನ ತುದಿಯಿಂದ ಒಂದು ಹನಿ ಆ ಹಿಡಿಯ ಮೇಲೆ ಬಿತ್ತು. ಇವರು ಅದನ್ನು ಹೆಬ್ಬೆರಳಿನಿಂದ ಒರೆಸಿ ಮತ್ತೆ ಹೆರೆದರು.

ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ಚಿಕ್ಕವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಎಣ್ಣೆಯ ಬಟ್ಟಲು ಹಿಡಿದು ಬಂದವಳು ಹೊಸ್ತಿಲ ಮೇಲೆ ಹಾಗೇ ನಿಂತಿದ್ದಳು. ಅವಳ ಹೆಗಲ ಹಿಂದೆ ಇನ್ನಷ್ಟು ಮುಖಗಳು.

“ಯಕ್ಕಾ,” ಎಂದಳು ಮೆಲ್ಲಗೆ. “ಒಲಿ ಮುಂದ… ಮಂದಿ ನೋಡ್ಲಿಕತ್ತಾರ.”

ಅವ್ವನ ಹೆಬ್ಬೆರಳು ಹಿಡಿಯ ಮೇಲೆಯೇ ನಿಂತಿತು. ತಾನು ಯಾರನ್ನು ಎಲ್ಲಿಗೆ ತಂದಿದ್ದೇನೆಂದು ಅವಳಿಗೆ ಆಗಷ್ಟೇ ಅರಿವಾಗಿರಬೇಕು. ಇವರಿಗಂತೂ ಅರಿವಾಯಿತು. ಗಾಜಿನ ಚೂರು ಕೆಳಗಿಟ್ಟು, ಒಂದು ಕೈ ನೆಲಕ್ಕೂರಿ ಏಳಹೋದರು.

ಅವ್ವ ಇವರ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು.

“ನೀ ಕುಂದ್ರು,” ಎಂದಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿದಳು. “ಒಳಗ ಬರೋದಿದ್ರ ಬಾ, ಇಲ್ಲಂದ್ರ ಸರಿ ಅತ್ಲಾಗ. ಬಾಗಲಾಗ ನಿಂದ್ರಬ್ಯಾಡ. ಹುಡುಗಗ ಬೆಳಕ ಬರವಲ್ದು.”